ಮೂರನೆಯ ಜೀವ

"ಬುಧವಾರ ಹೊತ್ತು ಮುಳುಗೋಕೆ ಮುಂಚೆ ನೀನೇನಾದ್ರೂ ಸತ್ತೆ ಅಂದ್ರೆ, ಮುದುಕಿ, ನಿನ್ ಚರ್ಮ ಸುಲಿದುಬಿಡ್ತೀನಿ" ಎಂದ ಧಣಿಯ ಪಾರುಪತ್ಯಗಾರ ಸ್ಕೆಗ್ಸ್.

ಡಾರ್ಕಸ್ ಮುದುಕಿ ಜೋಳದ ಸಿಪ್ಪೆ ತುಂಬಿದ ಹಾಸಿಗೆಗೆ ಒರಗಿ ಅವನನ್ನೇ ನೋಡಿದಳು. ಇಷ್ಟು ವರ್ಷದ ಬಾಳಿನಲ್ಲಿ ಅವಳಿಗೆ 'ಬದುಕು' ಎಂದು ಹೇಳಿದ ದೊಡ್ಡ ಮನುಷ್ಯ ಇವನೇ ಮೊದಲನೆಯವನು.

"ಸಾಯೋಕೂ ನಿಮ್ ಅಪ್ಪಣೆ ಬೇಕು ಅಂತ ಗೊತ್ತಿರ್ಲಿಲ್ಲ ಬುದ್ಧಿ. ಗೊತ್ತಿದ್ರೆ ನನ್ ಗಂಡ ಕೇಳ್ಕೊಂಡೇ ಸಾಯ್ತಿದ್ದ."

"ಬಾಯಿ ಮುಚ್ಚೇ ಮುಂಡೆ. ಕರ್ನಲ್ ಸಾಹೇಬ್ರು ಕೋಳಿ ಸಾರು ಕಳಿಸವ್ರೆ. ಮುಚ್ಕೊಂಡು ಕುಡಿ."

ಕರ್ನಲ್ ಟ್ಯಾಲ್ವರ್ ಧಣಿಗೆ ಇಷ್ಟೊಂದು ವಾತ್ಸಲ್ಯ ಸುಮ್ಮನೆ ಉಕ್ಕಿರಲಿಲ್ಲ. ವರ್ಜೀನಿಯಾದ ಆ ಸೀಮೆಯಲ್ಲಿ ಹೊಲವನ್ನು ಜೀವಗಳ ಲೆಕ್ಕದಲ್ಲಿ ಗೇಣಿಗೆ ಕೊಡುತ್ತಿದ್ದರು. ಪತ್ರದಲ್ಲಿ ಮೂರು ಹೆಸರು. ಮೂವರಲ್ಲಿ ಒಬ್ಬರಾದರೂ ಉಸಿರಾಡುವ ತನಕ ಹೊಲ ಒಕ್ಕಲಿನದು, ಕೊನೆಯ ಉಸಿರು ಹೋದ ದಿನ ಧಣಿಯದು. ಪ್ಲಮ್ ಮನೆತನದ ಪತ್ರದಲ್ಲಿ ಮೊದಲನೆಯ ಜೀವ ಡಾರ್ಕಸಳ ಗಂಡ. ಹೊಗೆಸೊಪ್ಪಿನ ಸಾಲಿನಲ್ಲೇ ಬಿದ್ದು ಹೋದ. ಎರಡನೆಯದು ಹಿರಿಯ ಮಗ ಡೇನಿಯಲ್. ಇಂಗ್ಲೆಂಡಿನ ದೊರೆಯ ಮೇಲಿನ ಸ್ವಾತಂತ್ರ್ಯ ಯುದ್ಧಕ್ಕೆ ಇದೇ ಕರ್ನಲನ ದಂಡಿನಲ್ಲಿ ಹೋಗಿ, ಗುಂಡು ತಾಗುವ ಭಾಗ್ಯವೂ ಇಲ್ಲದೆ ಭೇದಿಯಾಗಿ ಸತ್ತ. ದೇಶಕ್ಕೆ ಸ್ವಾತಂತ್ರ್ಯ ಬಂತು, ಗೇಣಿಪತ್ರದಲ್ಲಿ ಒಂದು ಜೀವ ಕಡಿಮೆಯಾಯಿತು. ಸತ್ತವನ ಜಾಗಕ್ಕೆ ಕಿರಿಯ ಮಗ ರೂಬೆನ್‌ನ ಹೆಸರು ಬರೆಸುತ್ತೇನೆಂದು ಧಣಿ ಇದೇ ಮನೆಯ ಹೊಸ್ತಿಲಲ್ಲಿ ನಿಂತು ಮಾತು ಕೊಟ್ಟಿದ್ದ. ಬರೆಸಲಿಲ್ಲ.

ಉಳಿದ ಮೂರನೆಯ ಜೀವ ಡಾರ್ಕಸ್. ಆ ಜೀವಕ್ಕೆ ಈಗ ಎಲ್ಲಿಲ್ಲದ ಬೆಲೆ ಬಂದಿತ್ತು. ಹೊಸ ಗಣರಾಜ್ಯದಲ್ಲಿ ಭೂಮಿಯಿದ್ದ ಗಂಡಸಿಗೆ ಮಾತ್ರ ಓಟು, ಜೀವದ ಗೇಣಿಯೂ ಭೂಮಿಯೆಂದೇ ಲೆಕ್ಕ. ಅಂದರೆ ಮುದುಕಿ ಉಸಿರಾಡುತ್ತಿದ್ದರೆ ಈಗ ಹೊಲದ ಯಜಮಾನನಾಗಿದ್ದ ರೂಬೆನ್ ಪ್ರಜೆ, ಉಸಿರು ನಿಂತರೆ ಬರೀ ಕೂಲಿ. ಫಿಲಡೆಲ್ಫಿಯಾದಲ್ಲಿ ಕೂಡುವ ದೇಶದ ದೊಡ್ಡ ಸಭೆಗೆ ಕರ್ನಲ್ ಓಟಿಗೆ ನಿಂತಿದ್ದ, ಬುಧವಾರವೇ ಓಟು. ಎದುರು ನಿಂತವನು ಅವನ ಸ್ವಂತ ಷಡ್ಡಕ ಮೆರಿಡ್ ಧಣಿ. ಒಬ್ಬ ಇಂಗ್ಲೆಂಡಿನ ಪರ, ಇನ್ನೊಬ್ಬ ಫ್ರಾನ್ಸಿನ ಪರ ಎಂದು ಜನ ಹೇಳುತ್ತಿದ್ದರು. ಒಕ್ಕಲುಗಳ ಪರ ಯಾರೆಂದು ಕೇಳುವಷ್ಟು ದಡ್ಡರು ಯಾರೂ ಇರಲಿಲ್ಲ.

ಸ್ಕೆಗ್ಸ್ ಅತ್ತ ಹೋದದ್ದೇ ರೂಬೆನ್ ಗುದ್ದಲಿ ಬಿಸಾಕಿ ಒಳಗೆ ಬಂದ.

"ಓಟಿನ್ ದಿನ ಆ ಸೂಳೆಮಗ ಧಣಿ ಹೆಸ್ರು ಕೂಗು ಅಂದ್ರೆ ನನ್ ಬಾಯಾಗೆ ಬರಾಕಿಲ್ಲ ಕಣವ್ವ."

"ಹೇಳ್ಬಿಡ್ಲಾ. ನಾಲ್ಗೆ ಏನು ಸವೆದೋಗಾಕಿಲ್ಲ. ಗೆದ್ರೆ ಪತ್ರಕ್ಕೆ ಮೂರು ಹೊಸ ಜೀವ ಬರೆಸ್ತೀನಿ ಅಂದವ್ನೆ. ನೀನು, ನಿನ್ ಹೆಂಡ್ರು, ಮಗಿ."

"ಹೊಳೆ ದಾಟಿದ್ಮೇಲೆ ಅಂಬಿಗ ಮಿಂಡ."

"ಅದು ನಂಗೂ ಗೊತ್ತು. ಆದ್ರೆ ನಡು ಹೊಳೇಲಿ ದೋಣಿ ಬುಟ್ಟು ಎಲ್ಲಿಗ್ಲಾ ಇಳೀತೀಯ?"

ಮುದುಕಿ ಸಾರು ಕುಡಿದಳು. ಧಣಿಯ ಮನೆಯ ಕೋಳಿಯಲ್ಲವೇ, ರುಚಿಯಾಗಿಯೇ ಇತ್ತು.

ಬುಧವಾರ ಧಣಿಯ ಸಾರೋಟೇ ಬಾಗಿಲಿಗೆ ಬಂತು. ಡಾರ್ಕಸ್ ಸತ್ತು ವಾರವಾಯಿತು, ಕರ್ನಲ್ ಯಾವಳೋ ಮುದುಕಿಯನ್ನು ತಂದು ಅವಳ ಹಾಸಿಗೆಯಲ್ಲಿ ಮಲಗಿಸಿದ್ದಾನೆ ಎಂದು ಮೆರಿಡ್‌ನ ಕಡೆಯವರು ಪುಕಾರು ಹಬ್ಬಿಸಿದ್ದರು. ಆದ್ದರಿಂದ ಅವಳನ್ನು ಹತ್ತು ಜನರೆದುರು ಬದುಕಿಸಿ ತೋರಿಸಬೇಕಾಗಿತ್ತು. ಸಾರೋಟಿನಲ್ಲಿ ಗರಿ ತುಂಬಿದ ಮೆತ್ತೆ, ಪಕ್ಕದಲ್ಲಿ ಧಣಿಯ ವೈದ್ಯ. ಡಾರ್ಕಸ್ ಮದುವೆಯಾಗಿ ಬರುವಾಗಲೂ ಇಂಥ ಮೆರವಣಿಗೆ ಕಂಡವಳಲ್ಲ.

ಓಟು ನಡೆಯುವ ಕಚೇರಿಯ ಅಂಗಳದಲ್ಲಿ ಕರ್ನಲನ ಖರ್ಚಿನಲ್ಲಿ ಇಡೀ ಹೋರಿಯೊಂದು ಕೆಂಡದ ಮೇಲೆ ಬೇಯುತ್ತಿತ್ತು. ರಮ್ಮಿನ ಪೀಪಾಯಿಗಳು ಬೆಳಿಗ್ಗೆಯೇ ಅರ್ಧವಾಗಿದ್ದವು. ಮೆಟ್ಟಿಲ ಮೇಲೆ ಮೇಜು, ಮೇಜಿನ ಹಿಂದೆ ಓಟು ನಡೆಸುವ ಅಧಿಕಾರಿ ಶೆರೀಫ, ಅಕ್ಕಪಕ್ಕ ಷಡ್ಡಕರಿಬ್ಬರು. ಒಕ್ಕಲು ಬಂದು ಎಲ್ಲರಿಗೂ ಕೇಳುವಂತೆ ಒಬ್ಬನ ಹೆಸರು ಕೂಗಬೇಕು. ಕೂಗಿಸಿಕೊಂಡವನು ಎದ್ದು, ಟೋಪಿ ತೆಗೆದು, ಬಾಗಿ, "ನಿಮ್ಮ ಉಪಕಾರ ಮರೆಯಲಾರೆ ಮಹನೀಯರೇ" ಅನ್ನಬೇಕು. ವರ್ಷವಿಡೀ ನಾಯಿ ಎಂದವನನ್ನು ಒಂದು ಗಳಿಗೆ ಮಹನೀಯ ಎನ್ನುವುದು ಅಲ್ಲಿನ ಕಟ್ಟಳೆ. ಕರ್ನಲನಿಗೆ ಬಾಗಿ ಬಾಗಿ ಸೊಂಟ ಹಿಡಿದಿತ್ತು.

ರೂಬೆನ್ ಮುಂದೆ ಬಂದಕೂಡಲೇ ಮೆರಿಡ್‌ನ ವಕೀಲ ಅಡ್ಡ ನಿಂತ. "ಇವನಿಗೆ ಓಟಿಲ್ಲ. ಇವನ ಮೂರನೇ ಜೀವ ಸತ್ತಾಗಿದೆ."

ಡಾರ್ಕಸಳನ್ನು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದರು. ವಕೀಲ ಕುದುರೆ ಸಂತೆಯಲ್ಲಿ ನೋಡುವಂತೆ ಅವಳ ತುಟಿ ಎತ್ತಿ ಒಸಡು ನೋಡಿದ. ವೈದ್ಯ ಮೂಗಿಗೆ ಕನ್ನಡಿ ಹಿಡಿದು, ಮಂಜು ಕಟ್ಟಿದ್ದನ್ನು ಶೆರೀಫನಿಗೆ ತೋರಿಸಿದ. ಕುಡಿದವರು ನಕ್ಕರು.

"ನೀನು ಬದುಕಿದ್ದೀಯಾ?" ಶೆರೀಫ ಗಂಭೀರವಾಗಿ ಕೇಳಿದ.

"ನೀವು ಹೆಂಗೇಳಿದ್ರೆ ಹಂಗೆ ಬುದ್ಧಿ."

"ಇವಳು ಬದುಕಿದ್ದಾಳೆ. ಇವಳ ಉಸಿರಿನಿಂದ ರೂಬೆನ್ ಪ್ಲಮ್‌ಗೆ ಓಟಿದೆ" ಎಂದು ಶೆರೀಫ ಸಾರಿದ. ಕರ್ನಲ್ ಮೆಲ್ಲಗೆ ಎದ್ದು ಬಂದು, ಮುದುಕಿಯ ತಲೆಯ ಮೇಲಿಂದಲೇ ವೈದ್ಯನ ಕಡೆ ಬಾಗಿದ.

"ಇನ್ನೆಷ್ಟು ದಿನ ತಡೀತಾಳೆ?"

"ಎದೆ ಪೂರ್ತಿ ಹೋಗಿದೆ. ಸುಗ್ಗಿಯವರೆಗೆ ಎಳೀಬಹುದು."

"ಅಷ್ಟು ಸಾಕು. ಸುಗ್ಗಿ ಆದ್ಮೇಲೆ ಆ ಹೊಲ ಗಿರಣಿಯವನಿಗೆ ಅಂತ ಮಾತಾಗಿದೆ."

ಅವನು ದನಿಯನ್ನೂ ತಗ್ಗಿಸಲಿಲ್ಲ. ಕುರ್ಚಿ ಮೇಜುಗಳ ಎದುರು ಯಾರಾದರೂ ದನಿ ತಗ್ಗಿಸುತ್ತಾರೆಯೇ? ಡಾರ್ಕಸಳಿಗೆ ಡೇನಿಯಲ್ ನೆನಪಾದ. ಅವನನ್ನು ದಂಡಿಗೆ ಕರೆದೊಯ್ಯುವಾಗಲೂ ಈ ಮನುಷ್ಯ ಹೀಗೇ, ಅವಳ ತಲೆಯ ಮೇಲಿಂದಲೇ ಮಾತಾಡಿದ್ದ. ಎರಡು ಮಾರು ದೂರದಲ್ಲಿ ರೂಬೆನ್‌ನ ಕಿವಿ ಕೆಂಪಾಗಿತ್ತು. ಅವನಿಗೂ ಕೇಳಿಸಿತ್ತು.

"ರೂಬೆನ್, ನಾನು ಮೊನ್ನೆ ಹೇಳಿದ್ದು ಮರ್ತುಬಿಡು ಮಗ" ಎಂದಳು.

ಶೆರೀಫ ಕೇಳಿದ, "ರೂಬೆನ್ ಪ್ಲಮ್, ನಿನ್ನ ಓಟು ಯಾರಿಗೆ?" ಕರ್ನಲ್ ಆಗಲೇ ಟೋಪಿಗೆ ಕೈ ಹಾಕಿ ಅರ್ಧ ಬಾಗಿದ್ದ.

"ಡಾರ್ಕಸ್ ಪ್ಲಮ್‌ಗೆ."

ಕರ್ನಲ್ ಬಾಗಿದ್ದವನು ಬಾಗಿಯೇ ಇದ್ದ.

"ಅವಳು ಹೆಂಗಸು ಕಣೋ ಕತ್ತೆ!" ಎಂದ ಶೆರೀಫ.

"ನನ್ ಓಟು ನಿಂತಿರೋದೇ ಅವಳ ಉಸ್ರು ಮ್ಯಾಲೆ ಅಂತ ಈಗ್ತಾನೆ ನೀವೇ ಸಾರಿದ್ರಿ. ಉಸ್ರು ಅವಳ್ದು. ಓಟೂ ಅವಳ್ಗೇ."

ಹಿಂದಿನಿಂದ ಯಾರೋ ಒಕ್ಕಲು ಕಿಸಕ್ಕನೆ ನಕ್ಕ. ಅವನ ಹಿಂದೆ ಇನ್ನೊಬ್ಬ. ಶೆರೀಫ "ಈ ಓಟು ರದ್ದು, ರದ್ದು" ಎಂದು ಮೇಜು ಗುದ್ದುತ್ತಿರುವಾಗಲೇ ಡಾರ್ಕಸ್ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು. ತಲೆಯ ಬಟ್ಟೆ ತೆಗೆದಳು. ಬೆನ್ನು ಮೊದಲೇ ಬಾಗಿತ್ತು, ಇನ್ನಷ್ಟು ಬಾಗಿಸಿದಳು.

"ನಿಮ್ ಉಪಕಾರ ಮರೆಯಾಕಿಲ್ಲ ಮಹನೀಯರೇ" ಎಂದಳು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ.

ಅಂಗಳವೆಲ್ಲ ಕೇಕೆ ಹಾಕಿತು. ಮೆರಿಡ್ ಧಣಿಯೂ ನಗುತ್ತಿದ್ದ. ತನ್ನ ಹೆಸರೂ ಬರಲಿಲ್ಲ ಎಂಬುದು ಅವನಿಗೆ ಇನ್ನೂ ಹೊಳೆದಿರಲಿಲ್ಲ. ಸ್ಕೆಗ್ಸ್ ಸಾರೋಟಿನಿಂದ ಮೆತ್ತೆ ಎಳೆದು ಹೆಗಲಿಗೆ ಹಾಕಿಕೊಂಡ.

"ನಡ್ಕೊಂಡೋಗಿ ದಾರೀಲೇ ಸಾಯಿ, ಮುಂಡೆ."

ಡಾರ್ಕಸ್ ಮಗನ ತೋಳು ಹಿಡಿದು ನೇರ ಹೋರಿ ಬೇಯುವ ಗುಂಡಿಯ ಹತ್ತಿರ ಹೋದಳು. ಮಾಂಸ ಕೊಯ್ಯುತ್ತಿದ್ದವನು ಮಿಂಗೋ, ಕರ್ನಲ್ ದುಡ್ಡು ಕೊಟ್ಟು ಕೊಂಡ ಕರಿಯ ಗುಲಾಮ.

"ಓಟು ಹಾಕ್ದೋರ್ಗೆ ಮಾತ್ರ ಅಂತ ಅಪ್ಪಣೆ ಆಗೈತೆ ಕಣವ್ವ."

"ಓಟಿಗೆ ನಿಂತೋರ್ಗೆ ಇಲ್ವೇನಪ್ಪ?"

ಮಿಂಗೋ ಅತ್ತಿತ್ತ ನೋಡಿ ದೊಡ್ಡ ತುಂಡನ್ನೇ ಕೊಯ್ದು ಕೈಗಿಟ್ಟ. "ನಿನ್ ಉಸ್ರಿಗೆ ಒಂದು ಓಟಾದ್ರೂ ಸಿಕ್ತು. ನಮ್ಗೆ ಓಟಿಲ್ಲ, ಆದ್ರೂ ತಲೆ ಎಣಿಕೇಲಿ ನಮ್ ಗುಲಾಮ್ರನ್ನ ಐದು ಜನಾನ ಮೂರು ಅಂತ ಎಣಿಸಿ ಈ ಧಣಿಗಳು ದೊಡ್ಡ ಸಭೇಲಿ ಕುರ್ಚಿ ಜಾಸ್ತಿ ಮಾಡ್ಕಂಡವ್ರೆ. ಛಾಟಿ ಬೀಸೋವಾಗ ಮಾತ್ರ ಐದೂ ಬೆನ್ನು ಪೂರ್ತಿ ಲೆಕ್ಕ."

ಮುದುಕಿ ಗುಂಡಿಯ ದಂಡೆಯಲ್ಲಿ ಕುಳಿತು ಮಾಂಸವನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸತೊಡಗಿದಳು.

"ಮನೆಗೋಗಾಣ ನಡಿಯವ್ವ" ಎಂದ ರೂಬೆನ್.

"ಇರ್ಲಾ. ನನ್ ಸಾವು ಕಾಯೋದು ಈಗ ಆ ಬೋಳಿಮಗನ ಕೆಲ್ಸ. ಬದುಕೋದು ನನ್ ಕೆಲ್ಸ. ಉಣ್ಬೇಕು ನಾನು."

ಮೆಟ್ಟಿಲ ಮೇಲಿನ ಕುರ್ಚಿಯಿಂದ ಕರ್ನಲ್ ಅವಳನ್ನೇ ದಿಟ್ಟಿಸುತ್ತಿದ್ದ. ಇನ್ನಾರೋ ಅವನ ಹೆಸರು ಕೂಗಿದರು, ಅವನು ಏಳುವುದನ್ನೂ ಮರೆತ. ಮುದುಕಿಯ ಎದೆಯಾಳದಿಂದ ಕೆಮ್ಮು ಎದ್ದು ಬಂತು. ಅವನು ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಡಾರ್ಕಸ್ ಅವನ ಕಣ್ಣಲ್ಲಿ ಕಣ್ಣಿಟ್ಟು, ಆ ಕೆಮ್ಮನ್ನು ಮಾಂಸದ ಜೊತೆಗೇ ನುಂಗಿದಳು.