ಜೇಬು ಹೊಲಿಸಿಕೊಂಡ ಹಬೀಬ್ ಸಾಬರು

ಐವತ್ತು ಸೇರಿನ ದೇಗಿನಲ್ಲಿ ಜರ್ದಾ ಮಾಡಿ ಇಳಿಸುವ ಮನುಷ್ಯ ಅದರ ಒಂದು ಅಗುಳನ್ನೂ ನಾಲಿಗೆಗೆ ಸೋಕಿಸುವುದಿಲ್ಲ ಎಂದರೆ ಯಾರು ನಂಬುತ್ತಾರೆ? ನಾನೂ ನಂಬಿರಲಿಲ್ಲ, ಆ ಪಾಪವನ್ನು ತೊಳೆದುಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ ಎಂದರೂ ತಪ್ಪಿಲ್ಲ. ಗುಬ್ಬಿಯಲ್ಲಿ ನನ್ನ ಮನೆಗೆ ಎದುರಾಗಿದ್ದ ಹಬೀಬ್ ಸಾಬರು ಮದುವೆಮನೆಗಳ ಬಾವರ್ಚಿ, ಎಂದರೆ ಅಡುಗೆಯವರು. ಜರ್ದಾ ಎಂಬ ಕೇಸರಿ ಬಣ್ಣದ ಸಿಹಿ ಅನ್ನಕ್ಕೆ ಅವರ ಕೈಯೇ ಆಗಬೇಕೆಂದು ಚೇಳೂರಿನಿಂದ ಕುಣಿಗಲ್ಲಿನವರೆಗಿನ ಮುಸಲ್ಮಾನ ಮನೆತನಗಳು ನಿಕಾಹಿನ ದಿನವನ್ನೇ ಅವರನ್ನು ಕೇಳಿ ಗೊತ್ತುಮಾಡುತ್ತಿದ್ದವು. ಪಾಕ ಕುದಿಯುವಾಗ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆದು, ಎಳೆ ಹರಿಯದೆ ನಿಂತರೆ ‘ಹೂಂ’ ಎಂದು, ಬೆರಳನ್ನು ಹೆಗಲ ಮೇಲಿನ ಒದ್ದೆ ಬಟ್ಟೆಗೆ ಒರೆಸಿಬಿಡುವರು. ಆ ಬೆರಳು ಬಾಯಿಯ ಕಡೆ ಹೋದದ್ದನ್ನು ಕಂಡವರಿಲ್ಲ.

“ಮೆಹಮಾನ್‌ರು ತಿನ್ನೋಕ್ ಮುಂಚೆ ನಾನ್ ತಿಂದ್ರೆ ಅದು ಎಂಜಲು, ಮೇಷ್ಟ್ರೇ. ನಮ್ಮ ಉಸ್ತಾದ್ ಹೇಳ್ಕೊಟ್ಟ ಮೊದಲ್ನೇ ಪಾಠ ಅದು,” ಎನ್ನುತ್ತಿದ್ದರು.

ಎತ್ತರದ, ಒಣಕಲು ಆಸಾಮಿ. ಹಿಂದೊಮ್ಮೆ ಕುದಿಯುವ ಎಸರು ಚೆಲ್ಲಿ ಎಡಪಾದ ಬೆಂದುಹೋಗಿದ್ದರಿಂದ ಆ ಕಾಲನ್ನು ಎತ್ತಿಡುವ ಬದಲು ನೆಲಕ್ಕೆ ಒತ್ತಿ ಸರಿಸುತ್ತ ನಡೆಯುವರು; ಬೀದಿಯ ಆ ತುದಿಯಲ್ಲಿ ಸರ್ ಸರ್ ಎಂದರೆ ಸಾಕು, ನನ್ನ ಹೈಸ್ಕೂಲು ಹುಡುಗರ ಕಾಂಪೊಸಿಷನ್ ಪುಸ್ತಕದಿಂದ ತಲೆ ಎತ್ತದೆಯೇ ‘ಸಾಬರು ಬಂದರು’ ಎಂದುಕೊಳ್ಳುತ್ತಿದ್ದೆ. ಮೈಮೇಲೆ ಒಂದು ಕರೀ ಕೋಟು. ಚೈತ್ರದ ಧಗೆಯಲ್ಲಿ, ಮೂರು ಒಲೆಗಳ ನಡುವೆ ನಿಂತಾಗಲೂ ಅದು ಕಳಚುತ್ತಿರಲಿಲ್ಲ. ಅಡುಗೆಯವನು ಅರೆಬತ್ತಲೆ ನಿಂತರೆ ಅನ್ನಕ್ಕೆ ಅವಮಾನವೆಂಬುದು ಅವರ ಸಿದ್ಧಾಂತ. ಇನ್ನು ಅವರ ಬಾಯಲ್ಲಿ ಸದಾ ಸಿದ್ಧವಿದ್ದ ಮಾತೊಂದಿತ್ತು: “ಅಳ್ದು ನೋಡಿ.” ಅಕ್ಕಿ ಸಾಲದು ಎಂದರೂ ಅಷ್ಟೇ, ಸೌದೆ ಹೆಚ್ಚಾಯಿತೆಂದರೂ ಅಷ್ಟೇ, ವಾದಕ್ಕೆ ನಿಲ್ಲುವವರಲ್ಲ. ಅಳತೆಯ ಮುಂದೆ ಧ್ವನಿ ಏರಿಸುವವನು ಸುಳ್ಳನೆಂದು ಅವರು ದೃಢವಾಗಿ ನಂಬಿದ್ದರು.

ಇಂಥ ಮನುಷ್ಯನಿಗೆ ಎಪ್ಪತ್ತೊಂಬತ್ತರಲ್ಲಿ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ವಿಧಿಗೆ ಹಾಸ್ಯಪ್ರಜ್ಞೆ ಇದೆ, ಆದರೆ ಅದು ಕೀಳು ದರ್ಜೆಯದು. ನಮ್ಮ ಬೀದಿಯ ಕೊನೆಯಲ್ಲಿ ಡಾಕ್ಟರ್ ಅಂಜನಮೂರ್ತಿಯವರ ದವಾಖಾನೆ; ಆಗಿನ ಪರೀಕ್ಷೆಯೆಂದರೆ ಗಾಜಿನ ಕೊಳವೆಯಲ್ಲಿನ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ, ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ಬಣ್ಣ ನೋಡುವುದು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆಯೆಂದು ಏರುತ್ತ ಹೋಗಿ ಇಟ್ಟಿಗೆ ಕೆಂಪಿಗೆ ಬಂದರೆ ಗಂಡಾಂತರ. ಕಾಂಪೌಂಡರ್ ಸಿದ್ದಗಂಗಯ್ಯ ಈ ಕೆಲಸವನ್ನು ಬೆಳಕು ಚೆನ್ನಾಗಿ ಬೀಳುವ ಬೀದಿ ಕಿಟಕಿಯಲ್ಲೇ ಮಾಡುತ್ತಿದ್ದ. ಹೀಗಾಗಿ ಹಾಲಿಗೆ ಹೋದವರು, ನೀರಿಗೆ ಬಂದವರು ಎಲ್ಲರಿಗೂ ಸಾಬರ ಅಂದಿನ ಬಣ್ಣ ಗೊತ್ತು. “ಇವತ್ತು ಕಿತ್ತಳೆ ಕಣೋ”, “ಇಟ್ಟಿಗೆ ಕಣೇ ಇವತ್ತು” ಎಂದು ಪಂಚಾಂಗ ಹೇಳುವ ಹಾಗೆ ಹೇಳಿಕೊಂಡು ಹೋಗುತ್ತಿದ್ದರು. ಮಾನಗೆಟ್ಟ ಬೀದಿ ನಮ್ಮದು. ಅದರಲ್ಲಿ ನಾನೂ ಒಬ್ಬ.

ಸಾಬರು ಪಥ್ಯಕ್ಕೆ ಬಿದ್ದರೆ ಪಥ್ಯ. ಸಂಜೆಯ ನಮಾಜು ಮುಗಿಸಿ ಎರಡು ಚಪಾತಿ, ಒಂದಿಷ್ಟು ಸೊಪ್ಪು ತಿಂದರೆ ಮತ್ತೆ ಬೆಳಗಿನವರೆಗೆ ನೀರು ಮಾತ್ರ. ಸಂಜೆ ನೋಡಿದರೆ ಕೊಳವೆ ನೀಲಿ. ಬೆಳಿಗ್ಗೆ ನೋಡಿದರೆ ಕಿತ್ತಳೆ. ಸಂಜೆಗೂ ಬೆಳಗಿಗೂ ನಡುವೆ ಇರುವುದು ರಾತ್ರಿ, ರಾತ್ರಿಯಲ್ಲಿ ಮನುಷ್ಯ ಕದಿಯುತ್ತಾನೆ. ಇದಕ್ಕಿಂತ ಸರಳ ತರ್ಕ ಇನ್ನೇನು ಬೇಕು? ಡಾಕ್ಟರು ಗದರಿದರು: “ಸಾಬ್ರೇ, ಸುಳ್ಳು ಹೇಳ್ಬೇಡಿ. ಟ್ಯೂಬ್ ಸುಳ್ಳು ಹೇಳಲ್ಲ.” ಸಾಬರ ಹೆಂಡತಿ ಜೈನಬ್ ಬೀ ಅಡುಗೆಮನೆಗೆ ಬೀಗ ಹಾಕಿ ಬೀಗದಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಮಲಗಿದರು. ಮರುದಿನವೂ ಕಿತ್ತಳೆ. ಆಗ ಬಂತು ನನ್ನ ಸರದಿ. ಜಗಲಿಯ ಮೇಲೆ ನಾಲ್ಕು ಜನ ಕುಳಿತಿದ್ದಾಗ, ಪಂಡಿತನೆಂಬ ಜಂಬದಲ್ಲಿ, “ಅಡುಗೆಮನೆಗೆ ಬೀಗ ಹಾಕಿ ಏನು ಬಂತು, ಬೆಲ್ಲದಚ್ಚು ಕೋಟಿನ ಜೇಬಿನಲ್ಲಿರಬೇಕು” ಎಂದುಬಿಟ್ಟೆ. ಜಗಲಿ ನಕ್ಕಿತು. ಬೀದಿಯಲ್ಲಿ ಸರ್ ಸರ್ ಸದ್ದು ಒಂದು ಗಳಿಗೆ ನಿಂತು, ಮತ್ತೆ ಮುಂದೆ ಹೋಯಿತು.

ಮರುದಿನ ಬೆಳಿಗ್ಗೆ ಸಾಬರು ನನ್ನ ಬಾಗಿಲಲ್ಲಿ ನಿಂತಿದ್ದರು. ಕೋಟಿನ ಎರಡೂ ಜೇಬುಗಳ ಬಾಯಿಗೆ ಬಿಳಿ ದಾರದ ಹೊಲಿಗೆ. ಕಪ್ಪು ಬಟ್ಟೆಗೆ ಬೇಕೆಂದೇ ಬಿಳಿ ದಾರ.

“ಎಳ್ದು ನೋಡಿ ಮೇಷ್ಟ್ರೇ, ಗಟ್ಟಿ ಅದೆ,” ಎಂದರು, ಅಷ್ಟೇ. ಅಂದಿನಿಂದ ಬಸ್ಸಿನ ಟಿಕೆಟ್ಟಿನಿಂದ ಮೂಗು ಒರೆಸುವ ಬಟ್ಟೆಯವರೆಗೆ ಎಲ್ಲವನ್ನೂ ಕೈಯಲ್ಲೇ ಹಿಡಿದುಕೊಂಡು ತಿರುಗಿದರು. ನನಗೆ ಮುಖ ಎತ್ತಿ ನೋಡಲಾಗಲಿಲ್ಲ. ಆದರೂ ಬಾಯಿಬಿಟ್ಟು ‘ತಪ್ಪಾಯಿತು’ ಎನ್ನಲಿಲ್ಲ. ಮೇಷ್ಟರುಗಳಿಗೆ ಆ ಪದದ ಕಾಗುಣಿತ ಬರುವಷ್ಟು ಸುಲಭವಾಗಿ ಉಚ್ಚಾರಣೆ ಬರುವುದಿಲ್ಲ.

ಮೂರು ನಾಲ್ಕು ವರ್ಷದಲ್ಲಿ ಮಾತು ಕುಣಿಗಲ್ಲಿಗೂ ಮುಟ್ಟಿತು. ಅಲ್ಲಿನ ಮರದ ವ್ಯಾಪಾರಿ ಅಹಮದ್ ಪಾಷಾರ ಮಗಳ ಮದುವೆ ಎಂಬತ್ತಮೂರರ ಬೇಸಿಗೆಗೆ ಗೊತ್ತಾಗಿತ್ತು; ಅಡುಗೆ ಹಬೀಬ್ ಸಾಬರದೇ. ಪಾಷಾ ಒಂದು ದಿನ ಖುದ್ದಾಗಿ ಬಂದು, ಬಹಳ ನಯವಾಗಿ, “ಬಿರಿಯಾನಿ ನಿಮ್ದೇ ಹಬೀಬ್ ಭಾಯಿ. ಮೀಠಾ ಮಾತ್ರ ತುಮಕೂರಿನೋರು ಮಾಡ್ಲಿ. ಜನ ಏನೇನೋ ಅಂತವ್ರೆ, ದೇಗಿಗೆ ಕೈ ಹಾಕಿ ನೆಕ್ತಾರೆ ಅಂತ,” ಎಂದರು. ಸಾಬರ ಮುಖದಲ್ಲಿ ರಕ್ತವೇ ಇರಲಿಲ್ಲ. ಕಾಯಿಲೆಯವನೆಂದು ಕರೆಸಿಕೊಂಡರೆ ತಡೆದಾರು, ಮೆಹಮಾನರ ಅನ್ನವನ್ನು ಎಂಜಲು ಮಾಡಿದವನೆಂದರೆ ಆ ಮನುಷ್ಯ ಬದುಕಿ ಪ್ರಯೋಜನವೇನು?

“ಮೀಠಾ ನನ್ನ ಕೈದಲ್ಲ ಅಂದ್ರೆ ಖಾರಾನೂ ನನ್ನ ಕೈದಲ್ಲ, ಪಾಷಾ ಸಾಬ್. ಹದಿನೈದ್ ದಿನ ಟೈಮ್ ಕೊಡಿ. ಆಮೇಲೂ ನಂಬಿಕೆ ಬರ್ಲಿಲ್ಲ ಅಂದ್ರೆ ನಾನೇ ಒಲೆ ಆರಿಸ್ತೀನಿ, ನಿಮ್ಮನೇದ್ ಮಾತ್ರ ಅಲ್ಲ, ಎಲ್ಲರ ಮನೇದೂ.”

ಆಮೇಲೆ ಅವರು ಮಾಡಿದ್ದು ಶುದ್ಧ ಹುಚ್ಚುತನ. ಬೆಳಗಿನ ಬಣ್ಣವನ್ನು ಹೇಗಾದರೂ ನೀಲಿಗೆ ತರಬೇಕೆಂದು ರಾತ್ರಿಯ ಎರಡು ಚಪಾತಿಯನ್ನೂ ಬಿಟ್ಟರು. ಅದೂ ಸಾಲದೆಂದು ಬೆಳಿಗ್ಗೆ ಸಕ್ಕರೆ ಇಳಿಸುವ ಮಾತ್ರೆ ನುಂಗಿ ಮಧ್ಯಾಹ್ನದವರೆಗೆ ಏನೂ ತಿನ್ನದೆ ಇರತೊಡಗಿದರು. ಮೂರನೆಯ ದಿನ ಚೇಳೂರಿನ ಒಂದು ಮದುವೆಯಲ್ಲಿ ನಾನೂ ಇದ್ದೆ. ಸೌಟು ಹಿಡಿದಿದ್ದ ಕೈ ಗಡಗಡ ನಡುಗಿತು, ಕೋಟು ಬೆವರಿನಲ್ಲಿ ತೊಯ್ದುಹೋಯಿತು, ಮನುಷ್ಯ ಸೌದೆಯ ರಾಶಿಗೆ ಒರಗಿ ಕುಸಿದರು. ನಾನು ಓಡಿಹೋಗಿ ಹತ್ತಿರವಿದ್ದ ಸಕ್ಕರೆಯನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಒಡ್ಡಿದರೆ, ಹಲ್ಲು ಕಚ್ಚಿಬಿಟ್ಟರು.

“ಬೇಡಿ ಮೇಷ್ಟ್ರೇ,” ಎಂದರು, ಹಲ್ಲಿನ ಸಂದಿಯಿಂದ. “ಜನ ನೋಡ್ತವ್ರೆ. ಅದು ಮದ್ವೆ ಮನೇದು.”

ಹೆಂಗಸರ ಕಡೆ ಮಸಾಲೆ ಅರೆಯುತ್ತಿದ್ದ ಜೈನಬ್ ಬೀ ಬಂದರು. ಗಡಿಬಿಡಿಯಿಲ್ಲ, ಅಳುವಿಲ್ಲ. ಸಕ್ಕರೆ ತೀರಾ ಇಳಿದರೆ ಕೊಡಲೆಂದು ಡಾಕ್ಟರು ಹೇಳಿದ್ದಂತೆ ಸೆರಗಿನ ತುದಿಯಲ್ಲಿ ಸದಾ ಗಂಟುಹಾಕಿಕೊಂಡಿರುತ್ತಿದ್ದ ಬೆಲ್ಲದ ಚೂರನ್ನು ಬಿಚ್ಚಿ, ಗಂಡನ ಗಲ್ಲವನ್ನು ಒತ್ತಿ ಹಿಡಿದು, “ಇದು ನಮ್ಮನೇದು. ಬಾಯಿ ಬಿಡಿ. ಸತ್ತೋರ ಮಾತು ಯಾರೂ ಕೇಳಲ್ಲ, ಬದುಕಿ ಜಗಳ ಆಡಿ,” ಎಂದು ಒಳಗೆ ತುರುಕಿದರು. ಹತ್ತು ನಿಮಿಷಕ್ಕೆ ಸಾಬರಿಗೆ ಕಣ್ಣು ನೆಟ್ಟಗಾಯಿತು. ಆ ಮನೆಯಲ್ಲಿ ಬೆಲ್ಲವಿದ್ದ ಜಾಗ ಯಾವುದೆಂದು ನನಗೆ ತಿಳಿದದ್ದು ಅಂದು.

ಅದೇ ಸಂಜೆ ಸಾಬರು ದವಾಖಾನೆಗೆ ನುಗ್ಗಿದರು. ಅವರ ಹಿಂದೆ ನಾನು. ರೋಗಿಗಳ ಎದುರಿಗೇ ಡಾಕ್ಟರ ಮೇಜಿನ ಮೇಲೆ ಕೈಯೂರಿ ನಿಂತು, “ಡಾಕ್ಟ್ರೇ, ಇವತ್ ರಾತ್ರಿ ನನ್ನ ಇಲ್ಲೇ ಕೂಡಿ ಬೀಗ ಹಾಕಿ. ನಿಮ್ಮೆದುರಿಗೇ ಉಣ್ತೀನಿ. ಆಮೇಲೆ ಬೆಳಗಾಗೋವರ್ಗೂ ನನ್ ಬಾಯಿಗೆ ಏನ್ ಹೋಗ್ತದೆ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಗಂಟೆ ಗಂಟೆಗೆ ಅಳ್ದು ನೋಡಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಮೇಷ್ಟ್ರೂ ಇರ್ಲಿ. ಜೇಬಿನ ಮಾತು ಆಡಿದೋರು ಅವ್ರೇ,” ಎಂದರು.

ಅಂಜನಮೂರ್ತಿ ಕೋಪದ ಮನುಷ್ಯ. ಆದರೆ ತಾನು ಕಲಿತ ವಿದ್ಯೆಗೆ ನಿಷ್ಠೆಯುಳ್ಳವರು. “ಆಯ್ತು” ಎಂದರು. ಎಂಟು ಗಂಟೆಗೆ ಸಾಬರು ಮೂವರ ಎದುರಿಗೆ ಎರಡು ಚಪಾತಿ ತಿಂದು ಕೈ ತೊಳೆದರು. ಸಿದ್ದಗಂಗಯ್ಯ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿದ. ಹತ್ತು ಗಂಟೆಗೆ ಕಾಯಿಸಿದ ಕೊಳವೆ ನೀಲಿ. ರಾತ್ರಿ ಮೂರಕ್ಕೆ ಡಾಕ್ಟರು ಮಹಡಿಯಿಂದ ಇಳಿದು ಬಂದರು, ಆಗಲೂ ನೀಲಿ. ಸಕ್ಕರೆ ತೀರಾ ಇಳಿದಿದೆಯೋ ಏನೋ, ಮೂತ್ರದಲ್ಲಿ ಅದು ತಿಳಿಯುವುದಿಲ್ಲವೆಂದು ತೋಳಿನಿಂದ ರಕ್ತವನ್ನೂ ತೆಗೆದಿಟ್ಟುಕೊಂಡರು. ಸಾಬರು ಮಲಗಿದ್ದರು, ನಾನು ನೋಡುತ್ತಿದ್ದೆ. ಐದೂವರೆಗೆ ಎದ್ದು, ಕೈಕಾಲು ಮುಖ ತೊಳೆದು ವಜೂ ಮಾಡಿ, ಆ ಕೋಟನ್ನೇ ಬೆಂಚಿನ ಪಕ್ಕ ನೆಲಕ್ಕೆ ಹಾಸಿ ನಮಾಜು ಮಾಡಿದರು. ರಾತ್ರಿಯೆಲ್ಲ ಕೂಡಿಕೊಂಡ ಮೂತ್ರ ಬೇಡವೆಂದು ಆರು ಗಂಟೆಯದನ್ನು ಚೆಲ್ಲಿಸಿ, ಡಾಕ್ಟರು ಆರೂವರೆಯದನ್ನು ತಾವೇ ದೀಪದ ಮೇಲೆ ಹಿಡಿದರು. ನೀಲಿ ಕಲಕಿತು, ಹಸಿರಾಯಿತು, ಹಳದಿಗೆ ತಿರುಗಿತು, ನಮ್ಮ ಕಣ್ಣೆದುರಿಗೇ ಕಿತ್ತಳೆಯಾಗಿ ನಿಂತಿತು.

“ನಾನು ತಿನ್ನಲಿಲ್ಲ,” ಎಂದರು ಸಾಬರು. ಕೇಳಿದ್ದಲ್ಲ, ತೀರ್ಪು ಕೊಟ್ಟದ್ದು.

“ತಿನ್ನಲಿಲ್ಲ,” ಎಂದರು ಡಾಕ್ಟರು. ತುಮಕೂರಿನ ಲ್ಯಾಬಿನಿಂದ ರಕ್ತದ ಫಲಿತಾಂಶ ಮರುದಿನ ಬಂದ ಮೇಲೆ ನಮ್ಮನ್ನು ಕೂರಿಸಿ ವಿವರಿಸಿದರು: “ಮೂರು ಗಂಟೇಲಿ ಸಕ್ಕರೆ ತೀರಾ ಇಳಿದಿದ್ರೆ, ಅದಕ್ಕೆ ಬೆದರಿ ಮೈಯೇ ಮೇಲಕ್ಕೆ ಎತ್ತಿದೆ ಅನ್ಬಹುದಿತ್ತು. ಇಳಿದಿಲ್ಲ, ಸರಿಯಾಗೇ ಇದೆ. ಇದು ಇನ್ನೊಂದು. ಬೆಳಗಿನ ಜಾವ ಮೈ ಏಳೋದಕ್ಕೆ ಸಿದ್ಧ ಆಗುತ್ತೆ. ಆಗ ಲಿವರ್ ತಾನು ಕೂಡಿಟ್ಟ ಸಕ್ಕರೇನ ರಕ್ತಕ್ಕೆ ಬಿಡುತ್ತೆ. ಎಲ್ಲರಿಗೂ ಬಿಡುತ್ತೆ. ನಮಗೆ ಇನ್ಸುಲಿನ್ ಅದನ್ನ ಹಿಡಿಯುತ್ತೆ, ಇವರಿಗೆ ಹಿಡಿಯೋಕಾಗಲ್ಲ. ಇತ್ತೀಚೆಗೆ ಓದಿದ್ದೆ. ಓದಿದ್ದೆ, ಆದ್ರೂ ಇವರನ್ನೇ ಬೈದೆ.”

ಸಾಬರು ಯೋಚಿಸಿದರು. “ಅಂದ್ರೆ ಒಳಗೊಬ್ಬ ಬಾವರ್ಚಿ ಅವ್ನೆ ಅನ್ನಿ. ನಾನ್ ಮಲ್ಗಿದ್ದಾಗ ಒಲೆ ಹಚ್ತಾನೆ. ಹದ ಗೊತ್ತಿಲ್ಲ ಬಡ್ಡೀಮಗನಿಗೆ.”

ಡಾಕ್ಟರು ಮಲಗುವ ಹೊತ್ತಿಗೆ ಒಂದು ಇನ್ಸುಲಿನ್ ಸೂಜಿ ಗೊತ್ತುಮಾಡಿದರು, ಊಟ ಬಿಡುವ ಹುಚ್ಚಾಟ ಇನ್ನು ಕೂಡದೆಂದು ಕಟ್ಟಪ್ಪಣೆ ಮಾಡಿದರು. ಸಾಬರು ಎರಡಕ್ಕೂ ಒಪ್ಪಿ, ತಮ್ಮದೊಂದು ಷರತ್ತು ಹಾಕಿದರು. ಆ ರಾತ್ರಿಯ ಮೂರು ಕೊಳವೆಗಳನ್ನು ಸಿದ್ದಗಂಗಯ್ಯ ಹಾಗೇ ಎತ್ತಿಟ್ಟಿದ್ದ. “ಯಾವ ಕಿಟಕೀಲಿ ನನ್ನ ಇಜ್ಜತ್ ಹೋಯ್ತೋ ಅದೇ ಕಿಟಕೀಲಿ ಇಡಿ. ಪಕ್ಕದಲ್ಲಿ ಗಂಟೆ ಬರ್ದಿಡಿ. ಮಾಡ್ಸಿದ ಡಾಕ್ಟ್ರ ಹೆಸ್ರೂ ಬರೀರಿ.” ಚೀಟಿಗಳನ್ನು ಬರೆದವನು ನಾನು. ಒಂದು ವಾರ ಅವು ಕಿಟಕಿಯಲ್ಲಿದ್ದವು. ಹಾಲಿಗೆ ಹೋದವರು, ನೀರಿಗೆ ಬಂದವರು ಓದಿಕೊಂಡು, ಬಾಯಿ ಮುಚ್ಚಿಕೊಂಡು ಹೋದರು. ಕುಣಿಗಲ್ಲಿನಿಂದ ಅಹಮದ್ ಪಾಷಾ ಬಂದು ನೋಡಿ, ಸಾಬರ ಮನೆಗೆ ನಡೆದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಮದುವೆಯ ಜರ್ದಾ ಹಬೀಬ್ ಸಾಬರೇ ಮಾಡಿದರು. ಪಾಷಾ ಮೊದಲ ತಟ್ಟೆಯನ್ನು ಅವರಿಗೇ ತಂದುಕೊಟ್ಟಾಗ, “ಮೆಹಮಾನ್‌ರದ್ದು ಆಗ್ಲಿ,” ಎಂದು ತಟ್ಟೆಯನ್ನು ಹಾಗೇ ಹಿಂದಕ್ಕೆ ಸರಿಸಿದರು.

ನನ್ನ ಲೆಕ್ಕ ಮಾತ್ರ ಬಾಕಿ ಉಳಿದಿತ್ತು. ಎಲ್ಲ ಮುಗಿದರೂ ಜೇಬಿನ ಹೊಲಿಗೆ ಬಿಚ್ಚಿರಲಿಲ್ಲ. ಒಂದು ದಿನ ತಡೆಯಲಾರದೆ, “ಇನ್ನಾದರೂ ಬಿಚ್ಚಿಸಿ ಸಾಬ್ರೇ” ಎಂದೆ.

“ಹಾಕಿಸ್ದೋರು ಯಾರು?” ಎಂದರು.

ಮನೆಗೆ ಹೋಗಿ ಬ್ಲೇಡು ತಂದೆ. ಹಾಡುಹಗಲು, ಬೀದಿಯ ನಡುವೆ, ಅದೇ ಜಗಲಿಯ ಜನ ನೋಡುತ್ತಿರುವಾಗ, ಅವರ ಮುಂದೆ ಮಂಡಿಯೂರಿ ಬಲಜೇಬಿನ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದೆ. “ತಪ್ಪಾಯಿತು” ಎಂದೆ, ನಾಲ್ಕು ವರ್ಷ ತಡವಾಗಿ. ಎಡಜೇಬಿಗೆ ಕೈಹಾಕಿದಾಗ ಸಾಬರು ನನ್ನ ಮಣಿಕಟ್ಟು ಹಿಡಿದರು.

“ಅದು ಇರ್ಲಿ ಬಿಡಿ. ಬಿಚ್ಚಬೇಕಾದೋರು ಇನ್ನೂ ಜನ ಅವ್ರೆ.”

ಎಂಬತ್ತೇಳರಲ್ಲಿ ತೀರಿಕೊಳ್ಳುವವರೆಗೂ ಅದು ಹಾಗೇ ಇತ್ತು. ಕಳೆದ ವರ್ಷ ನನಗೂ ಇದೇ ಕಾಯಿಲೆ ಬಂತು. ಬೆಳಗಿನ ಸಕ್ಕರೆ ಹೆಚ್ಚು ಎಂದ ಕೂಡಲೇ ನನ್ನಾಕೆ ಬಾಳೆಹಣ್ಣಿನ ಗೊನೆಯ ಕಡೆ ನೋಡಿದಳು. ನಗು ಬಂತು, ಸಿಟ್ಟೂ ಬಂತು, ಆಮೇಲೆ ಸರ್ ಸರ್ ಸದ್ದು ಕೇಳಿದಂತಾಯಿತು. ಜಗತ್ತಿನಲ್ಲಿ ಕನಿಕರ ಬೇಡುವ ರೋಗಿಗಳು ಬಹಳ. ಅವರಿಗೆ ಜಗತ್ತು ಕನಿಕರವನ್ನು ಧಾರಾಳವಾಗಿ ಕೊಡುತ್ತದೆ, ಏಕೆಂದರೆ ಕನಿಕರಕ್ಕೆ ಯೋಚನೆ ಬೇಕಿಲ್ಲ. ಹಬೀಬ್ ಸಾಬರ ಜಾತಿಯವರು ಬೇರೆ. ಅವರು ಕೇಳುವುದು ಅಳತೆಯನ್ನು, ಅದೂ ಇಡೀ ರಾತ್ರಿಯ ಅಳತೆಯನ್ನು. ಅದನ್ನು ಕೊಡಬೇಕಾದರೆ ನಮ್ಮಂಥವರು ಒಂದು ರಾತ್ರಿ ನಿದ್ದೆಗೆಡಬೇಕು, ಬೆಳಗಾದ ಮೇಲೆ ಬೀದಿಯಲ್ಲಿ ಮಂಡಿಯೂರಬೇಕು.