ನೆಲ ಸುಳ್ಳು ಹೇಳುವುದಿಲ್ಲ

ನಮ್ಮ ಹಾಸಿಗೆ ಗೋದಾಮು ಸುಟ್ಟಾಗ ದೊಡ್ಡಪ್ಪ ಒಳಗಿದ್ದ. ಮಧ್ಯಾಹ್ನ ಊಟವಾದ ಮೇಲೆ ಮಾರಾಟಕ್ಕಿಟ್ಟ ಹಾಸಿಗೆಯ ಮೇಲೇ ಒಂದು ನಿದ್ದೆ ತೆಗೆಯುವುದು ಅವನ ರೂಢಿ. ಮಲಗಿದ ತನ್ನ ಅಣ್ಣನ ಕಣ್ಣಿಗೆ ಬೆಳಕು ಬೀಳದಿರಲೆಂದು ಬಾಗಿಲು ಮುಂದೆ ಮಾಡಿ ಅಪ್ಪ ಹೊಲಿಗೆ ದಾರ ತರಲು ಹೋಗಿದ್ದ. ತಿರುಗಿ ಬರುವಷ್ಟರಲ್ಲಿ ಬೀದಿ ತುಂಬ ಹೊಗೆ.

ಹಿಂದಿನ ದಿನ ಅಣ್ಣತಮ್ಮಂದಿರು ಜಗಳವಾಡಿದ್ದರು ಎಂದು ಪಕ್ಕದ ಅಂಗಡಿಯವನು ಪೊಲೀಸರಿಗೆ ಹೇಳಿದ. ಅದು ನಿಜ. ಜಗಳವಾಡದ ದಿನ ಅವರಿಬ್ಬರಿಗೂ ತಿಂದದ್ದು ಜೀರ್ಣವಾಗುತ್ತಿರಲಿಲ್ಲ. ದೊಡ್ಡಮ್ಮನೇ ಇನ್‌ಸ್ಪೆಕ್ಟರ ಎದುರು ನಿಂತು, "ನನ್ನ ಮೈದುನನಿಗೆ ಬಾಯಿ ಒಂದೇ ಜೋರು ಸ್ವಾಮಿ. ಅಣ್ಣನಿಗೆ ಜ್ವರ ಬಂದ್ರೆ ಅವನು ಊಟ ಬಿಡ್ತಿದ್ದ" ಎಂದಿದ್ದಳು. ಅಪ್ಪನ ಮೇಲೆ ಕೊಲೆ ಕೇಸಾಗಿ ವಿಚಾರಣೆ ಶುರುವಾದಾಗಲೂ ಅವಳು ನಮ್ಮ ಬೆಂಚಿನಲ್ಲೇ, ಅಮ್ಮನ ಪಕ್ಕದಲ್ಲಿ ಕೂರುತ್ತಿದ್ದಳು. ಗಂಡನನ್ನು ಕಳೆದುಕೊಂಡವಳು ನಮ್ಮ ಕಡೆ ಇದ್ದಾಳೆಂಬುದೇ ನಮಗಿದ್ದ ದೊಡ್ಡ ಧೈರ್ಯ.

ಆಮೇಲೆ ಬೆಂಕಿ ಸಾರ್ ಬಂದರು.

ಸುಟ್ಟ ಜಾಗಗಳನ್ನು ನೋಡಿ ಬೆಂಕಿ ಹೇಗೆ ಹತ್ತಿತೆಂದು ಹೇಳುವ ಪರಿಣತರು ಅವರು. ಕೋರ್ಟಿನ ಸಿಬ್ಬಂದಿಯೇ ಇಟ್ಟ ಹೆಸರದು. ಇಸ್ತ್ರಿ ಮುರಿಯದ ಬಿಳಿ ಶರ್ಟು, ಮೇಷ್ಟರ ಹಾಗೆ ಬಿಡಿಸಿ ಬಿಡಿಸಿ ಹೇಳುವ ಮಾತು. ಗೋದಾಮಿನ ನೆಲದ ಫೋಟೋವನ್ನು ಎತ್ತಿ ಹಿಡಿದು, "ನೋಡಿ ಸ್ವಾಮಿ, ಹಾಸಿಗೆ ರಾಶಿಯಿಂದ ಬಾಗಿಲ ತನಕ ನೀರು ಹರಿದ ಹಾಗೆ ಕಪ್ಪು ಗುರುತು. ಯಾರೋ ಸೀಮೆಎಣ್ಣೆ ಸುರೀತಾ ಹಿಂದೆ ಹಿಂದೆ ಬಾಗಿಲಿಗೆ ಬಂದಿದ್ದಾರೆ" ಎಂದರು.

ನಮ್ಮ ವಕೀಲರು ಎದ್ದರು. "ನೆಲದ ಚೂರು ಲ್ಯಾಬಿಗೆ ಹೋಯ್ತಲ್ಲ. ಸೀಮೆಎಣ್ಣೆ ಸಿಕ್ತಾ?"

"ಇಲ್ಲ. ಪೂರ್ತಿ ಉರಿದುಹೋಗಿದೆ."

"ಸಿಕ್ಕಿದ್ರೆ?"

"ಸುರಿದಿದ್ದಾರೆ ಅಂತ."

"ಸಿಗದಿದ್ರೂ ಸುರಿದಿದ್ದಾರೆ ಅಂತಲೇ?"

"ನೆಲ ಸುಳ್ಳು ಹೇಳಲ್ಲ ವಕೀಲರೇ."

ಎಲ್ಲರೂ ನಕ್ಕರು. ಗೆದ್ದೆವೆಂದುಕೊಂಡು ವಕೀಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ, ಏಕೆಂದರೆ ನಾನು ನ್ಯಾಯಾಧೀಶರ ಪೆನ್ನನ್ನು ನೋಡುತ್ತಿದ್ದೆ. ಅದು ಬರೆದುಕೊಂಡದ್ದು ಕೊನೆಯ ಆ ಮಾತನ್ನು ಮಾತ್ರ.

ನಮಗೂ ಒಬ್ಬ ಪರಿಣತರು ಬೇಕಾಗಿತ್ತು. ಕಾಲೇಜಿನಲ್ಲಿ ನನಗೆ ರಸಾಯನಶಾಸ್ತ್ರ ಕಲಿಸಿದ ಮೇಡಂ ವಸ್ತುಗಳು ಉರಿಯುವ ಬಗೆಯನ್ನೇ ಜೀವಮಾನವಿಡೀ ಓದಿದವರು. ಮಾತು ಬೇಗ ಬಾರದ ನಾನು ಅವರ ಮನೆಯ ಮೆಟ್ಟಿಲ ಮೇಲೆ ನಿಂತು, ಹೇಳಬೇಕಾದ ಮೊದಲ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಬೆಲ್ ಒತ್ತಿದೆ. ಬಾಗಿಲು ತೆಗೆದಾಗ ಅದೂ ಮರೆತುಹೋಗಿತ್ತು. ಅವರೇ, "ಅಳ್ಬೇಡ, ಒಳಗೆ ಬಾ" ಎಂದರು. ಅಲ್ಲಿಯವರೆಗೆ ನಾನು ಅಳುತ್ತಿದ್ದುದು ನನಗೆ ತಿಳಿದಿರಲಿಲ್ಲ.

ಮನೆಯ ಹಿಂದೆ, ಸಿಮೆಂಟ್ ನೆಲದ ಮೇಲೆ, ಅಪ್ಪ ಹಾಸಿಗೆಗೆ ಹಾಕುವಂಥದೇ ಫೋಮಿನ ತುಂಡೊಂದನ್ನು ಸುಟ್ಟು ತೋರಿಸಿದರು. ಅದು ಕರಗಿ, ತೊಟ್ಟಿಕ್ಕಿ, ಉರಿಯುತ್ತಲೇ ಇಳಿಜಾರಿಗೆ ಹರಿಯಿತು. ಆರಿದಾಗ ಉಳಿದದ್ದು ಫೋಟೋದಲ್ಲಿ ಕಂಡಂಥದೇ ಕಪ್ಪು ಗುರುತು. ಗೋದಾಮಿನ ನೆಲ ಬಾಗಿಲ ಕಡೆಗೇ ಇಳಿಜಾರು. ಅಂದು ಮನೆಯಲ್ಲಿ ಎಷ್ಟೋ ತಿಂಗಳ ಮೇಲೆ ಅಮ್ಮ ಎರಡನೇ ಸಲ ಅನ್ನ ಬಡಿಸಿಕೊಂಡಳು.

ಆದರೆ ವಕೀಲರು ಮೇಡಂಗೆ ತಾಲೀಮು ಕೊಡುವಾಗಲೇ ತಲೆ ಚಚ್ಚಿಕೊಂಡರು. "'ಫೋಮಿಂದಲೇ ಆಗಿದ್ದು, ಖಂಡಿತ' ಅನ್ನಿ ಮೇಡಂ."

"ಖಂಡಿತ ಅಂತ ನನಗೆ ಗೊತ್ತಿಲ್ವಲ್ಲ."

"ಅವರಿಗೆ ಗೊತ್ತಿತ್ತಾ? ಅಂದ್ರು ತಾನೇ!"

"ಅದಕ್ಕೇ ಅಲ್ವಾ ನೀವು ನನ್ನ ಕರೆಸಿದ್ದು?"

ಸಾಕ್ಷಿಕಟ್ಟೆಯಲ್ಲಿ ಸರ್ಕಾರಿ ವಕೀಲರು ಅವರನ್ನು ಬಹಳ ಮರ್ಯಾದೆಯಿಂದ ಮುಗಿಸಿದರು.

"ಈ ಗುರುತು ಫೋಮಿಂದ ಬಂದಿರಬಹುದು ಅಂತೀರಿ. ಸೀಮೆಎಣ್ಣೆಯಿಂದಲೂ ಬಂದಿರಬಹುದಾ?"

"ಬಂದಿರಬಹುದು. ಗುರುತು ನೋಡಿ ಅದನ್ನ ತೀರ್ಮಾನ ಮಾಡೋಕೆ ಯಾರಿಂದಲೂ ಆಗಲ್ಲ. ನಾನು ಹೇಳ್ತಿರೋದೇ ಅದು."

"ಸುಟ್ಟ ಕಟ್ಟಡ ಎಷ್ಟು ನೋಡಿದ್ದೀರಿ ತಾಯಿ?"

"ಕಟ್ಟಡ ನೋಡಿಲ್ಲ. ಪ್ರಯೋಗಾಲಯದಲ್ಲಿ..."

"ಸಾಕು, ಕೂತ್ಕೊಳಿ. ಸುಸ್ತಾಗಿರ್ತೀರಿ."

ಕಟಕಟೆಯಲ್ಲಿದ್ದ ಅಪ್ಪ ನನ್ನ ಕಡೆ ನೋಡಿದ. ಏನಾಯಿತೆಂದು ಅವನಿಗೆ ಅರ್ಥವಾಗಿರಲಿಲ್ಲ. ನಾನು ತಲೆ ತಗ್ಗಿಸಿದೆ.

ಆಮೇಲೆ ಕ್ಯಾಂಟೀನಿನ ಕಂಬದ ಹಿಂದೆ ಕೂತಿದ್ದಾಗ, ಆಚೆ ಮೇಜಿನಲ್ಲಿ ಮೇಡಂ ಮತ್ತು ಬೆಂಕಿ ಸಾರ್ ಒಟ್ಟಿಗೆ ಚಹಾ ಕುಡಿಯುತ್ತ ಮಾತನಾಡುವುದು ಕೇಳಿಸಿತು. ಅವರೂ ಮೇಡಂ ಶಿಷ್ಯರೇ!

"ಫೋಮ್ ಹಾಗೆ ಹರಿಯುತ್ತೆ ಅಂತ ನಿನಗೆ ಗೊತ್ತಿಲ್ವೇನೋ?" ಮೇಡಂ ಕೇಳಿದರು.

"ಗೊತ್ತಿಲ್ದೆ ಏನು ಮೇಡಂ. ಆದ್ರೆ ಅಲ್ಲಿ ನಿಂತು ಹಾಗೂ ಇರಬಹುದು, ಹೀಗೂ ಇರಬಹುದು ಅಂದ್ರೆ ಇನ್ನೊಂದು ಸಲ ಕರೀತಾರಾ? ನೀವೇ ನೋಡಿದ್ರಲ್ಲ. ಅಲ್ಲದೆ ನಾನು ಹೇಳಿದ್ದು ಇವತ್ತಿನವರೆಗೂ ತಪ್ಪಾಗಿಲ್ಲ."

"ಅದು ನಿನಗೆ ಹೇಗೆ ಗೊತ್ತು?"

"ಎಲ್ಲರಿಗೂ ಶಿಕ್ಷೆ ಆಗಿದೆಯಲ್ಲ!"

ಮೇಡಂ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

ಜನ ತುಂಬಿದ ವರಾಂಡದಲ್ಲಿ ಓಡಿ ವಕೀಲರ ಕೋಟು ಹಿಡಿದು ಎಳೆದೆ. ಕೇಳಿದ್ದನ್ನೆಲ್ಲ ಹೇಳಿದೆ. ಹಿಂದೆಂದೂ ಅಷ್ಟು ಜೋರಾಗಿ ಮಾತನಾಡಿದ ನೆನಪು ನನಗಿಲ್ಲ. ವಕೀಲರು ಅರ್ಜಿ ಹಾಕಿ ಬೆಂಕಿ ಸಾರನ್ನು ಮತ್ತೆ ಕರೆಸಿದರು. ಅವರು ಬಂದರು. ಮೇಡಂಗೆ ಕೈಮುಗಿದು ಕಟ್ಟೆ ಹತ್ತಿದರು. "ಹೌದು ಸ್ವಾಮಿ, ಫೋಮ್ ಹರಿಯುತ್ತೆ ಅಂದೆ. ಇಲ್ಲಿ ಹರಿದಿದೆ ಅನ್ನಲಿಲ್ಲ. ಎರಡರ ವ್ಯತ್ಯಾಸ ಅನುಭವ ಇದ್ದವರ ಕಣ್ಣಿಗೆ ಕಾಣುತ್ತೆ." ಅಷ್ಟೇ. ಇಳಿದು ಹೋದರು.

ಮುಂದಿನ ಸಲ ದೊಡ್ಡಮ್ಮ ಆಚೆ ಬೆಂಚಿನಲ್ಲಿ ಕೂತಿದ್ದಳು.

ವರಾಂಡದಲ್ಲಿ ಅವಳ ಕೈ ಹಿಡಿದೆ. ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. "ಅವರು ಯಾಕೆ ಸುಳ್ಳು ಹೇಳ್ತಾರೆ ಮಗಳೇ? ಅವರಿಗೂ ನಿಮ್ಮಪ್ಪನಿಗೂ ಏನು ಹಗೆ?" ಎಂದಳು.

ಹಗೆ ಇರಲಿಲ್ಲ. ಅವರು ಸುಳ್ಳನ್ನೂ ಹೇಳಿರಲಿಲ್ಲ, ನಂಬಿದ್ದನ್ನೇ ಹೇಳಿದ್ದರು. ಅದನ್ನು ದೊಡ್ಡಮ್ಮನಿಗೆ ಹೇಗೆ ಬಿಡಿಸಿ ಹೇಳುವುದೆಂದು ನಾನು ಯೋಚಿಸುತ್ತಿದ್ದಂತೆಯೇ ಅವಳು ಸೆರಗು ಹೊದ್ದು ನಡೆದುಬಿಟ್ಟಳು.

ಅಪ್ಪನಿಗೆ ಜೀವಾವಧಿ ಶಿಕ್ಷೆಯಾಯಿತು. ಒಬ್ಬ ಪರಿಣತರು ದೀರ್ಘ ಅನುಭವದಿಂದ ಖಚಿತವಾಗಿ ನುಡಿದಿದ್ದಾರೆ, ಇನ್ನೊಬ್ಬರು ಬರಿಯ ಸಾಧ್ಯತೆಗಳನ್ನು ಮುಂದಿಟ್ಟಿದ್ದಾರೆ ಎಂದು ತೀರ್ಪಿನಲ್ಲಿತ್ತು. ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮೇಡಂ ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ಜೈಲಿನ ಕಳೆದ ಭೇಟಿಯಲ್ಲಿ ಅಪ್ಪ ತುಂಬ ಇಳಿದುಹೋಗಿದ್ದ. ಜಾಲರಿಗೆ ಹಣೆ ಒತ್ತಿ, ಅಮ್ಮನಿಗೆ ಮೆಲ್ಲಗೆ ಹೇಳಿದ: "ಆ ಬೆಂಕಿ ಸಾರ್ ಹೇಳಿದ್ದನ್ನೇ ನೆನೆಸಿ ನೆನೆಸಿ ನನಗೆ ತಲೆ ಕೆಟ್ಟಿದೆ ಕಣೇ. ಕನಸಲ್ಲಿ ನಾನೇ ಡಬ್ಬ ಹಿಡ್ಕೊಂಡು ಹಿಂದೆ ಹಿಂದೆ ಬರ್ತಿರ್ತೀನಿ. ಅಣ್ಣ ಮಲಗಿರ್ತಾನೆ."

ಅವನನ್ನು ಹಿಡಿದುಕೊಂಡು ಹೋದಂದಿನಿಂದ ಅಮ್ಮ ಆ ಮಧ್ಯಾಹ್ನದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಕೇಳುವ ಅಗತ್ಯವೇ ಅವಳಿಗೆ ಕಂಡಿರಲಿಲ್ಲ. ಈಗ ಜಾಲರಿಯ ಮೇಲಿಟ್ಟಿದ್ದ ಬೆರಳುಗಳನ್ನು ಹಿಂದಕ್ಕೆ ತೆಗೆದುಕೊಂಡಳು.

"ಯಾವ ಡಬ್ಬ ರೀ?" ಎಂದಳು.

ಅಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ನನ್ನ ಮುಖವನ್ನು. ನಾನು ಏನಾದರೂ ಹೇಳಬೇಕಿತ್ತು. ಬಾಯಿ ತೆರೆದೆ, ಎಂದಿನಂತೆ ಮಾತು ತಡವಾಯಿತು. ಭೇಟಿಯ ಹೊತ್ತು ಇನ್ನೂ ಮುಗಿದಿರಲಿಲ್ಲ. ಅಪ್ಪ ಎದ್ದು, ಕಾವಲಿನವನಿಗೆ ಸಾಕೆಂದು ಸನ್ನೆ ಮಾಡಿ, ಒಳಗೆ ಹೊರಟುಹೋದ.