ತಳ ಮುಟ್ಟುವ ವಿಧಾನ

‘ಆ ಕೊನೇ ಉದಾಹರಣೆ ಬೇಡ ಬಿಡಮ್ಮ.’

ಹೇಳಿದ ಮೇಲೆ, ಮಾತು ಇಷ್ಟು ಸಲೀಸಾಗಿ ಹೊರಬಿತ್ತಲ್ಲ ಎಂದು ಚನ್ನಕೇಶವನಿಗೆ ಕಸಿವಿಸಿಯಾಯಿತು. ಅವನ ಸಂಶೋಧನಾ ವಿದ್ಯಾರ್ಥಿನಿ ಸುಮಾ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ.

‘ಯಾಕ್ ಸಾರ್, ತಪ್ಪಿದ್ಯಾ?’

‘ತಪ್ಪಿಲ್ಲ. ಟೈಮ್ ಸಾಲಲ್ಲ.’

ತಪ್ಪು ಅವಳದಾಗಿದ್ದರೆ ಎಷ್ಟು ಚೆನ್ನಾಗಿತ್ತು. ಹರೆಯದಲ್ಲಿ ಅವನೊಂದು ವಿಧಾನ ಕಟ್ಟಿದ್ದ. ಕತ್ತಲಲ್ಲಿ ಬೆಟ್ಟ ಇಳಿಯುವವನು ಕಾಲಲ್ಲಿ ತಡವಿ ತಡವಿ ಕಣಿವೆಯ ತಳ ಸೇರುವಂತೆ, ಲೆಕ್ಕವೊಂದರ ಅತಿ ಕಡಿಮೆ ಬೆಲೆಯನ್ನು ಕಂಪ್ಯೂಟರು ಹುಡುಕುವ ವಿಧಾನ. ಹೆಜ್ಜೆ ತೀರ ಚಿಕ್ಕದಾಯಿತೋ, ತಳ ಸಿಕ್ಕಿತೆಂದು ನಿಲ್ಲಬೇಕು. ಇದು ಎಂದೂ ತಪ್ಪುವುದಿಲ್ಲ ಎಂದು ಸಾಧಿಸಿ ತೋರಿಸಿದ್ದ. ಕೆಲಸ, ಬಡ್ತಿ, ಬಸವೇಶ್ವರನಗರದ ಮನೆ ಎಲ್ಲವೂ ಆ ಒಂದು ಪ್ರಮೇಯದ ಮೇಲೆ ಕೂತಿದ್ದವು.

ಸುಮಾಳ ಆ ಕೊನೇ ಉದಾಹರಣೆಯಲ್ಲಿ ಅದೇ ವಿಧಾನದ ಹೆಜ್ಜೆ ಚಿಕ್ಕದಾಗುತ್ತ ಆಗುತ್ತ ಇಳಿಜಾರಿನ ನಡುವೆಯೇ ನಿಂತುಬಿಟ್ಟಿತ್ತು. ಇಳಿಯುವುದು ಇನ್ನೂ ಬೇಕಾದಷ್ಟಿತ್ತು.

ಮಧ್ಯಾಹ್ನ ಆ ವಿಧಾನದ ಬಗೆಗಿನ ಅವಳ ಉಪನ್ಯಾಸ ಕೇಳಲು ಗುರುಬಸಪ್ಪನವರು ಬರುವವರಿದ್ದರು. ನಾಳೆ ಪ್ರೊಫೆಸರ್ ಹುದ್ದೆಗೆ ಚನ್ನಕೇಶವನನ್ನು ಸಂದರ್ಶಿಸುವವರೂ ಅವರೇ.

‘ಸರಿ ಸಾರ್,’ ಎಂದು ಸುಮಾ ಒಂದು ಗುಂಡಿ ಒತ್ತಿದಳು. ಉದಾಹರಣೆಯ ಪುಟ ಹೋಯಿತು.

ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದ. ಬಂದಿದ್ದರೆ ಸೋಲುವುದಕ್ಕೆ ಅವನಿಗೆ ಅರ್ಧ ಮನಸ್ಸೂ ಇತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಇಷ್ಟು ಸದ್ದಿಲ್ಲದೆ ನಡೆಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಎದ್ದು ಫ್ಯಾನು ಜೋರು ಮಾಡಿದ, ಮತ್ತೆ ಕಡಿಮೆ ಮಾಡಿದ.

ಉಪನ್ಯಾಸ ಮುಗಿದಾಗ, ಅಲ್ಲಿಯವರೆಗೂ ತೂಕಡಿಸುತ್ತಿದ್ದ ಗುರುಬಸಪ್ಪನವರು ಕಣ್ಣು ಬಿಟ್ಟರು.

‘ಎಲ್ಲಾ ಸಲಾನೂ ತಳಕ್ಕೇ ಹೋಗುತ್ತೇನಮ್ಮಾ ಇದು?’

ಸುಮಾ ಅವರನ್ನು ನೋಡಲಿಲ್ಲ; ಚನ್ನಕೇಶವನನ್ನು ನೋಡಿದಳು. ಅವನು ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ. ಈಗಲೂ ಎದ್ದು ಹೇಳಬಹುದಿತ್ತು. ಏಳಲೆಂದು ಕುರ್ಚಿಯ ತುದಿಗೆ ಬಂದೂ ಬಂದ. ಅಲ್ಲೇ ಕೂತ.

‘ಹೋಗುತ್ತೆ ಸಾರ್,’ ಎಂದಳು.

ಮೊದಲು ಚಪ್ಪಾಳೆ ತಟ್ಟಿದವನು ಚನ್ನಕೇಶವನೇ.

ಸಂಜೆ ಮನೆಗೆ ಬಂದರೆ ಎದುರುಮನೆಯ ಟ್ಯಾಂಕು ತುಂಬಿ ಬೀದಿಯಲ್ಲಿ ನೀರು. ಹೆಂಡತಿ ಲತಾ ಗೇಟಿನ ಮುಂದೆ ಕಡ್ಡಿಪೊರಕೆಯಿಂದ ನೀರನ್ನು ಚರಂಡಿಗೆ ತಳ್ಳುತ್ತಿದ್ದಳು. ಚರಂಡಿ ಕಟ್ಟಿದ ಪುಣ್ಯಾತ್ಮರು ಅದರ ಬಾಯನ್ನು ರಸ್ತೆಗಿಂತ ಎತ್ತರಕ್ಕೆ ಕೂರಿಸಿ ಹೋಗಿದ್ದರು.

‘ಏನ್ರೀ, ಹೇಗಾಯ್ತು?’

‘ಚೆನ್ನಾಗಾಯ್ತು.’

‘ನಾಳೇದು?’

‘ಆಗುತ್ತೆ.’

‘ಮತ್ಯಾಕೆ ಮುಖ ಹಿಂಗಿದೆ?’

‘ಬಿಸಿಲು.’

ಬಿಸಿಲಿರಲಿಲ್ಲ. ಲತಾ ಒಂದು ಗಳಿಗೆ ಅವನನ್ನೇ ನೋಡಿದಳು. ‘ಹಿಡೀರಿ ಇದನ್ನ, ಹಾಲಿಟ್ಟು ಬಂದಿದೀನಿ,’ ಎಂದು ಪೊರಕೆ ಕೊಟ್ಟು ಒಳಗೆ ಹೋದಳು.

ಜೇಬಿನಲ್ಲಿ ಫೋನು ಮಿಡಿಯಿತು. ಸುಮಾಳ ಮೆಸೇಜು: ‘ಸಾರ್, ಥೀಸಿಸ್‌ನಿಂದಾನೂ ಅದನ್ನ ತೆಗೆದುಬಿಡ್ಲಾ?’

ಬೇಡ ಎಂದು ಬರೆದ. ಅಳಿಸಿದ. ನಾಳೆ ಮಾತಾಡೋಣ ಎಂದು ಬರೆದು ಅದನ್ನೂ ಅಳಿಸಿದ. ಫೋನನ್ನು ಜೇಬಿಗಿಟ್ಟು ಬೂಟುಗಾಲಲ್ಲೇ ನೀರಿಗಿಳಿದು ರಭಸದಿಂದ ಪೊರಕೆ ಬೀಸತೊಡಗಿದ.

ನೀರು ಚರಂಡಿಯ ಬಾಯಿಯ ಹತ್ತಿರದವರೆಗೂ ಏರಿತು. ಗೇಣು ದೂರ ಇರುವಾಗ ತಡೆದು, ಹಿಂದಕ್ಕೆ ಬಂದು ಅವನ ಬೂಟುಗಳ ಸುತ್ತ ನಿಂತಿತು. ಇನ್ನೊಮ್ಮೆ ತಳ್ಳಿದ. ಇನ್ನೊಮ್ಮೆ ಬಂತು. ತೋಳು ಸೋತು ಪೊರಕೆ ಕೆಳಗಿಟ್ಟಾಗ ನೀರಿನ ಅಲುಗಾಟ ಕಡಿಮೆಯಾಗುತ್ತ ಆಗುತ್ತ ಪೂರ್ತಿ ನಿಂತಿತು. ದಾರಿಹೋಕರು ಯಾರಾದರೂ ನೋಡಿದರೆ, ನೀರು ಸೇರಬೇಕಾದ ಕಡೆಗೇ ಸೇರಿದೆ ಎಂದುಕೊಳ್ಳಬೇಕು, ಹಾಗೆ.